ದಿ ವಿಚರ್ 3: ಏಳು ವರ್ಷ ಆಡಿದ ಮೇಲೆ ನೆನಪಿರುವುದು ಒಂದು ಬಾಣಲೆ

2018ರ ದೀಪಾವಳಿ ಹೊತ್ತಿಗೆ ಈ ಗೇಮ್ ಆಫರ್‌ನಲ್ಲಿ ಸಿಕ್ಕಿತು. ಗಂಗಾವತಿಯ ನಮ್ಮ ಮನೆ ನೆಟ್‌ನಲ್ಲಿ ಡೌನ್‌ಲೋಡ್ ಆಗಲು ನಾಲ್ಕು ರಾತ್ರಿ ಹಿಡಿಯಿತು. ಆಮೇಲೆ ಮೂರು ಸಲ ಪೂರ್ತಿ ಆಡಿದ್ದೇನೆ, ನಾಲ್ಕನೆಯದು ನಡೀತಿದೆ. ಗ್ರಾಫಿಕ್ಸ್, ಕತ್ತಿ ಕಾಳಗದ ಬಗ್ಗೆ 2015ರಿಂದ ಜನ ಬರೆಯುತ್ತಲೇ ಇದ್ದಾರೆ. ನನ್ನ ಮಾತು ಕಥೆಯ ಬಗ್ಗೆ ಮಾತ್ರ. ಕೊನೆ ಏನಾಗುತ್ತದೆ ಅಂತ ಮೊದಲೇ ಗೊತ್ತಾಗಬಾರದು ಅನ್ನುವವರು ಇಲ್ಲಿಗೇ ನಿಲ್ಲಿಸಿ.

ಗೆರಾಲ್ಟ್ ಅನ್ನುವ ರಾಕ್ಷಸ ಬೇಟೆಗಾರ ತನ್ನ ಸಾಕುಮಗಳು ಸಿರಿಯನ್ನು ಹುಡುಕುತ್ತಾ ಹೊರಡುತ್ತಾನೆ. (ಹೆಸರು ಕೇಳಿ ಅವ್ವ ಅವಳು ನಮ್ಮ ಕಡೆಯ ಹುಡುಗಿ ಅಂದುಕೊಂಡಿದ್ದಳು.) ಸಿರಿಯ ಬೆನ್ನಿಗೆ ವೈಲ್ಡ್ ಹಂಟ್ ಎಂಬ ಸವಾರರ ದಂಡು ಬಿದ್ದಿದೆ. ಅವರಿಗೂ ಮೀರಿದ್ದು ವೈಟ್ ಫ್ರಾಸ್ಟ್. ಲೋಕಗಳನ್ನೇ ಹೆಪ್ಪುಗಟ್ಟಿಸುವ ಚಳಿ ಅದು.

ಆ ಚಳಿಗೆ ನಾನು ಒಂದು ದಿನವೂ ಹೆದರಲಿಲ್ಲ. ಯಾಕಂದ್ರೆ ಈ ಪ್ರಳಯ ನನಗಾಗಿ ಕಾಯುತ್ತದೆ! ಊರೂರು ಅಲೆದು ವ್ಯಾಪಾರಿಗಳ ಜೊತೆ ಗ್ವೆಂಟ್ ಎಂಬ ಇಸ್ಪೀಟಿನಂಥ ಆಟ ಆಡುತ್ತಾ ತಿಂಗಳು ಕಳೆದರೂ ದಂಡು ಬಿಟ್ಟಲ್ಲೇ ನಿಂತಿರುತ್ತದೆ. 2011ರ ಸ್ಕೈರಿಮ್ ಎಂಬ ಗೇಮಿನದೂ ಇದೇ ಕಥೆ. ಲೋಕ ನುಂಗಲು ಬಂದ ಆಲ್ಡುಯಿನ್ ಎಂಬ ಡ್ರ್ಯಾಗನ್ ಇದೆ, ನಾವು ಆರಾಮಾಗಿ ಯಾರದೋ ಹೊಲದಲ್ಲಿ ಎಲೆಕೋಸು ಕೀಳುತ್ತಿರುತ್ತೇವೆ. ಲೋಕ ಮುಳುಗಿದರೆ ಗೇಮ್ ಮುಗಿಯಿತಲ್ಲ. ಅದಕ್ಕೇ ಅದು ಮುಳುಗುವುದಿಲ್ಲ ಅಂತ ಆಡುವವನಿಗೆ ಗೊತ್ತಿರುತ್ತದೆ.

ಆದರೆ ಒಬ್ಬ ಮನುಷ್ಯ ಹಾಳಾಗಬಹುದು. ಗೇಮಿನ ವೆಲೆನ್ ಎಂಬ ಸೀಮೆಯನ್ನು ಆಳುವ ಬ್ಲಡಿ ಬ್ಯಾರನ್‌ನ ಕಥೆಯಲ್ಲಿ ಆಗುವುದು ಅದೇ. ಕುಡುಕ, ಹೆಂಡತಿಗೆ ಹೊಡೆದವನು. ಹೆಂಡತಿ, ಮಗಳು ಇಬ್ಬರೂ ಮನೆ ಬಿಟ್ಟು ಹೋಗಿದ್ದಾರೆ. ನಾವು ಎಲ್ಲೋ ಮಾಡಿದ ಒಂದು ಆಯ್ಕೆಯಿಂದ ಅವನು ನೇಣು ಹಾಕಿಕೊಳ್ಳಬಹುದು. ಇನ್ನೊಂದು ಆರಿಸಿದರೆ ಅವನು ಬದುಕುತ್ತಾನೆ, ಆದರೆ ಅದೇ ಕಥೆಯಲ್ಲಿ ಬರುವ ಕೆಲವು ಅನಾಥ ಮಕ್ಕಳು ಉಳಿಯುವುದಿಲ್ಲ. ಆವತ್ತು ಲ್ಯಾಪ್‌ಟಾಪ್ ಮುಚ್ಚಿ ಸುಮ್ನೆ ಮಾಳಿಗೆ ಮೇಲೆ ಹೋಗಿ ಕೂತಿದ್ದೆ.

ಶುರುವಿನ ಊರು ವೈಟ್ ಆರ್ಚರ್ಡ್‌ನಲ್ಲಿ ಒಬ್ಬ ಮುದುಕಿ ಇದ್ದಾಳೆ. ಬೀಗ ಹಾಕಿದ ಗುಡಿಸಲಿನೊಳಗೆ ಅವಳ ಬಾಣಲೆ ಸಿಕ್ಕಿಕೊಂಡಿದೆ. ಅದನ್ನು ತಂದುಕೊಡಬೇಕು, ಅಷ್ಟೇ ಕೆಲಸ. ಊರಲ್ಲಿ ಯುದ್ಧ ಬಂದುಹೋಗಿದೆ, ಮುದುಕಿಗೆ ಬಾಣಲೆಯ ಚಿಂತೆ. ಪಕ್ಕದಲ್ಲಿ ಅಕ್ಕಿ ಆರಿಸುತ್ತಿದ್ದ ಅವ್ವ ಇಡೀ ಗೇಮಿನಲ್ಲಿ ತಲೆ ಎತ್ತಿ ನೋಡಿದ್ದು ಇದೊಂದನ್ನೇ. ಮರುದಿನ ಕೇಳಿದಳು, "ಆ ಮುದುಕಿಗಿ ಬಾಣಲಿ ಸಿಕ್ತೇನ?"

ಮೊದಲ ಸಲ ಮುಗಿಸಿದಾಗ ಸಿರಿ ಬದುಕಿ ಬರಲಿಲ್ಲ. ಸಿಟ್ಟು ಬಂತು. ಬಾಸ್‌ಗಳನ್ನೆಲ್ಲ, ಅಂದರೆ ದೊಡ್ಡ ಶತ್ರುಗಳನ್ನೆಲ್ಲ ಸೋಲಿಸಿದ್ದೆ, ತಪ್ಪೇನು ಮಾಡಿದೆ ಅಂತ ಹುಡುಕಿದೆ. ಉತ್ತರ ನೋಡಿ ದಂಗಾದೆ. ಅವಳು ಬೇಸರದಲ್ಲಿದ್ದಾಗ ನಾನು ಅವಳ ಜೊತೆ ಹಿಮದ ಉಂಡೆ ಎಸೆದು ಆಡುವ ಬದಲು ಕುಡಿಯಲು ಕೂತಿದ್ದೆ. ಅವಳು ಸಿಟ್ಟಿನಲ್ಲಿ ತನ್ನ ಗುರುವಿನ ಪ್ರಯೋಗಶಾಲೆ ಒಡೆಯಲು ಹೊರಟರೆ ಬುದ್ಧಿ ಹೇಳಿದ್ದೆ. ಲೆಕ್ಕಕ್ಕೆ ಬಂದದ್ದು ಇಂಥವೇ. ವೈಟ್ ಫ್ರಾಸ್ಟ್ ತಡೆಯಲು ಅವಳು ಒಬ್ಬಳೇ ಹೋಗುತ್ತಾಳೆ, ನಮಗೆ ಅಲ್ಲಿ ಪ್ರವೇಶವೇ ಇಲ್ಲ. ಅಪ್ಪ ಹೇಗಿದ್ದ ಅನ್ನುವುದರ ಮೇಲೆ ಮಗಳು ವಾಪಸ್ ಬರುವುದು ನಿಂತಿದೆ. ಹಾಗಾದರೆ ಆ ಪ್ರಳಯ ಯಾಕೆ ಬೇಕಿತ್ತು ಅಂತ ಇವತ್ತಿಗೂ ನನಗೆ ಅರ್ಥವಾಗಿಲ್ಲ. ಕಳೆದುಹೋದ ಮಗಳೇ ಸಾಕಿತ್ತಲ್ವಾ?

ಮೂರನೇ ಸಲ ಆಡುತ್ತಿದ್ದದ್ದು 2024ರ ಆಗಸ್ಟ್‌ನಲ್ಲಿ. 10ನೇ ತಾರೀಕಿನ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟ್‌ನ ಚೈನ್ ತುಂಡಾಗಿ ಗೇಟ್ ಕೊಚ್ಚಿಹೋಯಿತು. ಮೂವತ್ತಮೂರರಲ್ಲಿ ಒಂದು ಗೇಟ್. ನಮ್ಮ ಗದ್ದೆಗೆ ಬರುವುದು ಎಡದಂಡೆ ಕಾಲುವೆ ನೀರು. ಬೆಳಿಗ್ಗೆಯಿಂದ ಫೋನ್ ಮೇಲೆ ಫೋನ್. ಎಲ್ಲರದೂ ಒಂದೇ ಪ್ರಶ್ನೆ, ಭತ್ತಕ್ಕೆ ನೀರು ಉಳಿಯುತ್ತದಾ? ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ (ಗೇಟ್ ಬದಲಿಗೆ ನೀರು ತಡೆಯುವ ತಾತ್ಕಾಲಿಕ ಹಲಗೆ) ಇಳಿಸುವವರೆಗೆ, ಸುಮಾರು ಒಂದು ವಾರ, ಮನೆಯಲ್ಲಿ ಯಾರಿಗೂ ನೆಟ್ಟಗೆ ನಿದ್ದೆ ಇಲ್ಲ. ಆ ವಾರ ಒಮ್ಮೆ ಗೇಮ್ ಹಚ್ಚಿದೆ. ಯಾರೋ ಲೋಕದ ಅಂತ್ಯ ಬಂತು ಅಂತ ಗಂಭೀರವಾಗಿ ಹೇಳುತ್ತಿದ್ದ. ಬಂದ್ ಮಾಡಿದೆ.

ತಗೊಳ್ಳುವುದಾದರೆ ಎರಡು ಎಕ್ಸ್‌ಪ್ಯಾನ್ಶನ್ (ಆಮೇಲೆ ಸೇರಿಸಿದ ಕಥೆಗಳು) ಇರುವ ಕಂಪ್ಲೀಟ್ ಎಡಿಷನ್ ತಗೊಳ್ಳಿ, ಅದೂ ಆಫರ್ ಇದ್ದಾಗ. ಅವುಗಳಲ್ಲಿ ಮೊದಲನೆಯದು 'ಹಾರ್ಟ್ಸ್ ಆಫ್ ಸ್ಟೋನ್'ನಲ್ಲಿ ಲೋಕ ಉಳಿಸುವ ಗೋಜಿಲ್ಲ. ಒಬ್ಬ ಮಾಡಿಕೊಂಡ ಕೆಟ್ಟ ಒಪ್ಪಂದ, ಅದರ ವಸೂಲಿ. ನನ್ನ ಮಟ್ಟಿಗೆ ಮುಖ್ಯ ಕಥೆಗಿಂತ ಇದೇ ಬಿಗಿ. ಕನ್ನಡ ಸಬ್‌ಟೈಟಲ್ ಇಲ್ಲ, ಬೇಸಿಗೆಯಲ್ಲಿ ಫ್ಯಾನ್ ಕೆಳಗಿಟ್ಟರೂ ಲ್ಯಾಪ್‌ಟಾಪ್ ಹಂಚಿನಂತೆ ಕಾಯುತ್ತದೆ. ಐದಕ್ಕೆ ನಾಲ್ಕೂವರೆ.

ಎರಡನೆಯದು 'ಬ್ಲಡ್ ಅಂಡ್ ವೈನ್'ನಲ್ಲಿ ಗೆರಾಲ್ಟ್‌ಗೆ ಒಂದು ದ್ರಾಕ್ಷಿ ತೋಟ ಸಿಗುತ್ತದೆ. ಈಗ ನಾನು ಅಲ್ಲೇ ಇದ್ದೇನೆ. ಮೊನ್ನೆ ದುಡ್ಡು ಕೊಟ್ಟು ಹೊಸ ಮಂಚ ಹಾಕಿಸಿದೆ, ಕುದುರೆ ಲಾಯ ರಿಪೇರಿ ಮಾಡಿಸಿದೆ. ಅವ್ವ ಕನ್ನಡಕ ಏರಿಸಿ ಸ್ವಲ್ಪ ಹೊತ್ತು ನೋಡಿದಳು.

"ತ್ವಾಟ ಚಲೋ ಐತಿ," ಅಂದಳು. "ನೀರು ಎಲ್ಲಿಂದ ಬರತೈತಪಾ ಅದಕ್ಕ?"