ನಾಲೆ ಏರಿಯ ಜಲ್ಲಿ ರಸ್ತೆಯಲ್ಲಿ ಜಿಮ್ನಿ: ನಿಧಾನಕ್ಕೆ ಒಳ್ಳೆಯದು, ವೇಗಕ್ಕೆ ಅಲ್ಲ

ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಏರಿ, ಪಾಂಡವಪುರದ ಕ್ರಷರ್ ಕಡೆಯ ಜಲ್ಲಿ ದಾರಿ, ಎಚ್.ಡಿ. ಕೋಟೆಯ ಮಣ್ಣು ರಸ್ತೆ ಎಲ್ಲಕ್ಕೂ ಒಂದೇ ಗಾಡಿ ಹುಡುಕುವವರಿಗೆ 2023ರಲ್ಲಿ ಬಂದ ಐದು ಬಾಗಿಲಿನ ಮಾರುತಿ ಜಿಮ್ನಿ ಒಳ್ಳೆಯ ಆಯ್ಕೆ. ಆದರೆ ಇದರ ಸಸ್ಪೆನ್ಷನ್ ನಿಧಾನದ ಓಡಾಟಕ್ಕೆ ಮಾಡಿದ್ದು. ಗಂಟೆಗೆ 30 ಕಿ.ಮೀ. ಒಳಗಿದ್ದರೆ ಎಂಥ ಹಳ್ಳವನ್ನೂ ನುಂಗುತ್ತದೆ. 50 ದಾಟಿದರೆ ಹಿಂಭಾಗ ಪಕ್ಕಕ್ಕೆ ಸರಿಯಲು ಶುರುವಾಗುತ್ತದೆ.

ಕಾರಣ ಆಕ್ಸಲ್. ಮುಂದೆ ಹಿಂದೆ ಎರಡೂ ಕಡೆ ಗಟ್ಟಿ ಆಕ್ಸಲ್ (ಎಡ-ಬಲ ಚಕ್ರಗಳನ್ನು ಜೋಡಿಸುವ ಒಂದೇ ಅಚ್ಚು), ಕಾಯಿಲ್ ಸ್ಪ್ರಿಂಗ್. ಒಂದು ಚಕ್ರ ಕಲ್ಲು ಹತ್ತಿದರೆ ಇನ್ನೊಂದು ನೆಲಕ್ಕೆ ಒತ್ತಿಕೊಳ್ಳುತ್ತದೆ. ಕಬ್ಬಿನ ಟ್ರ್ಯಾಕ್ಟರ್‌ಗಳು ಕೊರೆದ ಜಾಡಿನಲ್ಲಿ ಗಾಡಿ ವಾಲಿ ಹೋಗುವಾಗ ಇದು ದೊಡ್ಡ ಅನುಕೂಲ. ಮುಂದೆ ಒಂದು ಪಕ್ಕದ, ಹಿಂದೆ ಇನ್ನೊಂದು ಪಕ್ಕದ ಚಕ್ರ ಗಾಳಿಯಲ್ಲಿ ತೇಲಿದರೆ 4ಎಲ್ (ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವ ನಿಧಾನದ ಗೇರು) ಹಾಕಿ, ಆಕ್ಸಿಲರೇಟರ್ ಬಿಡದೆ ಹದವಾಗಿ ಒತ್ತಿಹಿಡಿಯಿರಿ. ಸುತ್ತುವ ಚಕ್ರಕ್ಕೆ ಬ್ರೇಕ್ ತಾನೇ ಬಿದ್ದು, ಶಕ್ತಿ ಇನ್ನೊಂದಕ್ಕೆ ಹೋಗುತ್ತದೆ. ಹೆಚ್ಚಿನವರು ಆ ಕ್ಷಣದಲ್ಲೇ ಕಾಲು ತೆಗೆದು ಸಿಕ್ಕಿಕೊಳ್ಳುತ್ತಾರೆ.

ವೇಗದಲ್ಲಿ ಇದೇ ಆಕ್ಸಲ್‌ನ ತೂಕ ತೊಂದರೆ. ಟಿಪ್ಪರ್ ಓಡಾಡಿ ತಗಡಿನ ಶೀಟಿನಂತೆ ಅಲೆಯಾದ ರಸ್ತೆಯಲ್ಲಿ ಭಾರದ ಆಕ್ಸಲ್ ಕುಣಿಯುತ್ತದೆ, ಟೈರ್ ನೆಲ ಬಿಡುತ್ತದೆ. ಹೀಗೇ ತುಂಬ ಹೊತ್ತು ಓಡಿದರೆ ಶಾಕ್ ಅಬ್ಸಾರ್ಬರ್ ಒಳಗಿನ ಎಣ್ಣೆ ಕಾದು ನೊರೆಗಟ್ಟಿ ತಡೆಯುವ ಶಕ್ತಿ ಕಳೆದುಕೊಳ್ಳುತ್ತದೆ. ವೇಗ ಹೆಚ್ಚಿಸಿದರೆ ಕುಲುಕಾಟ ಕಡಿಮೆಯಾದಂತೆ ಅನಿಸುವುದು ನಿಜ, ಆದರೆ ಆಗ ತಿರುಗಲು, ನಿಲ್ಲಲು ಬೇಕಾದ ಹಿಡಿತವೇ ಇರುವುದಿಲ್ಲ. ಸಡಿಲ ಜಲ್ಲಿಯ ಮೇಲೆ ಎಬಿಎಸ್ ಇದ್ದರೂ ಗಾಡಿ ನಿಲ್ಲಲು ಹೆಚ್ಚು ದೂರ ತೆಗೆದುಕೊಳ್ಳುತ್ತದೆ. 2018ರಲ್ಲಿ ಕನಗನಮರಡಿ ಬಳಿ ಬಸ್ ನಾಲೆಗೆ ಬಿದ್ದು 30 ಜನ ಜೀವ ಕಳೆದುಕೊಂಡದ್ದು ಇದೇ ಮಂಡ್ಯ ಜಿಲ್ಲೆಯಲ್ಲಿ. ತಡೆಗೋಡೆ ಇಲ್ಲದ ಏರಿಯಲ್ಲಿ ದಯವಿಟ್ಟು 30 ದಾಟಬೇಡಿ.

ಮೊದಲು ಗಾಳಿ ಇಳಿಸಿ. ಬಾಗಿಲ ಪಕ್ಕದ ಸ್ಟಿಕ್ಕರ್‌ನಲ್ಲಿರುವುದಕ್ಕಿಂತ 4–5 ಪಿಎಸ್‌ಐ ಕಡಿಮೆ ಮಾಡಿದರೆ 195/80 ಆರ್15 ಟೈರಿನ ಎತ್ತರದ ಪಕ್ಕೆ ಸಣ್ಣ ಕಲ್ಲಿನ ಹೊಡೆತವನ್ನು ತಾನೇ ಹೀರುತ್ತದೆ. ಟಾರು ರಸ್ತೆಗೆ ಬಂದ ಮೇಲೆ ಮತ್ತೆ ತುಂಬಿಸಲೇಬೇಕು. ಜಲ್ಲಿ ಶುರುವಾಗುವಾಗಲೇ, ಗಾಡಿ ನೇರ ಹೋಗುತ್ತಿರುವಾಗ, 4ಎಚ್ (ನಾಲ್ಕೂ ಚಕ್ರಕ್ಕೆ ಶಕ್ತಿ, ಮಾಮೂಲಿ ವೇಗಕ್ಕೆ) ಹಾಕಿ. ಹಿಂಭಾಗದ ಜಾರಾಟ ಗಣನೀಯವಾಗಿ ತಗ್ಗುತ್ತದೆ. ಒಣ ಟಾರಿನ ಮೇಲೆ ಮಾತ್ರ ಬೇಡ. ಮುಂದಿನ, ಹಿಂದಿನ ಚಕ್ರಗಳು ಬೇರೆಬೇರೆ ವೇಗದಲ್ಲಿ ಸುತ್ತಲು ಬಿಡುವ ಡಿಫರೆನ್ಷಿಯಲ್ ನಡುವೆ ಇಲ್ಲದ್ದರಿಂದ ತಿರುವಿನಲ್ಲಿ ಗೇರುಗಳು ಬಿಗಿದುಕೊಳ್ಳುತ್ತವೆ.

ಸ್ಟೀರಿಂಗ್ ನಡುಭಾಗದಲ್ಲಿ ಸ್ವಲ್ಪ ಸಡಿಲ, ಅದು ಈ ಗಾಡಿಯ ಸ್ವಭಾವ. ಕಲ್ಲಿನ ಹೊಡೆತ ಕೈಗೆ ಬರದಿರುವುದು ಅದರ ಲಾಭ. ಆದರೆ 60–70ರಲ್ಲಿ ಸ್ಟೀರಿಂಗ್ ಗಡಗಡ ನಡುಗಿದರೆ ಅದು ಸ್ವಭಾವವಲ್ಲ. ಮೊದಲು ರಿಮ್ಮಿನ ಒಳಗೆ ಒಣಗಿದ ಕೆಸರು ತೊಳೆಯಿರಿ. ಎಷ್ಟೋ ಸಲ ಅಷ್ಟೇ ಸಾಕು. ಹೋಗದಿದ್ದರೆ ವೀಲ್ ಬ್ಯಾಲೆನ್ಸಿಂಗ್, ನಂತರ ಟೈ ರಾಡ್ ಎಂಡ್, ಪ್ಯಾನ್‌ಹಾರ್ಡ್ ರಾಡ್ (ಆಕ್ಸಲ್ ಪಕ್ಕಕ್ಕೆ ಸರಿಯದಂತೆ ಹಿಡಿಯುವ ಸರಳು) ಬುಷ್, ಕಿಂಗ್‌ಪಿನ್ ಬೇರಿಂಗ್, ನಡುಕ ತಡೆಯುವ ಸ್ಟೀರಿಂಗ್ ಡ್ಯಾಂಪರ್ ನೋಡಿಸಿ. ಡ್ಯಾಂಪರ್ ಮಾತ್ರ ಬದಲಿಸಿ ಕಳಿಸುವ ಗ್ಯಾರೇಜಿನಿಂದ ರೋಗ ಮುಚ್ಚಿಹೋಗುತ್ತದೆ, ವಾಸಿಯಾಗುವುದಿಲ್ಲ.

ಮೈಸೂರಿನ ಬಿಡಿಭಾಗದ ಅಂಗಡಿಗಳಲ್ಲಿ ಗಾಡಿ ಎತ್ತರಿಸುವ 2 ಇಂಚಿನ ಲಿಫ್ಟ್ ಕಿಟ್ ಹಾಕಿಸಿ ಎನ್ನುತ್ತಾರೆ. ಈ ರಸ್ತೆಗಳಿಗೆ ಅದು ದಂಡ. ನೆಲದಿಂದ 210 ಎಂಎಂ ಎತ್ತರ ಇದ್ದೇ ಇದೆ. ಎತ್ತರಿಸಿದರೆ ಪ್ಯಾನ್‌ಹಾರ್ಡ್ ರಾಡ್ ಆಕ್ಸಲನ್ನು ಒಂದು ಪಕ್ಕಕ್ಕೆ ಎಳೆಯುತ್ತದೆ, ಸ್ಟೀರಿಂಗನ್ನು ನೇರಕ್ಕೆ ತರುವ ಕ್ಯಾಸ್ಟರ್ ಕೋನ (ಚಕ್ರ ತಿರುಗುವ ಅಕ್ಷದ ಹಿಂದಿನ ಓರೆ) ಕಡಿಮೆಯಾಗಿ ಸ್ಟೀರಿಂಗ್ ಇನ್ನಷ್ಟು ಅಲೆಯುತ್ತದೆ. ಅದೇ ಹಣದಲ್ಲಿ ಒಳ್ಳೆಯ ಎ/ಟಿ (ಟಾರು, ಮಣ್ಣು ಎರಡಕ್ಕೂ ಆಗುವ) ಟೈರ್ ಹಾಕಿಸಿ.

ಹೊರೆಯ ಲೆಕ್ಕವೂ ಇರಲಿ. ಗಾಡಿಯೇ ಸುಮಾರು 1,200 ಕೆಜಿ, ಒಟ್ಟು ಮಿತಿ 1,545. ನಾಲ್ಕು ಜನ ಕೂತ ಮೇಲೆ ಎರಡು ಮೂಟೆ ಭತ್ತ ಹಾಕಿದರೆ ಹಿಂದಿನ ಸ್ಪ್ರಿಂಗ್ ಪೂರ್ತಿ ಕುಗ್ಗಿ ಆಕ್ಸಲ್ ಬಂಪ್ ಸ್ಟಾಪ್‌ಗೆ (ಕೊನೆಯ ರಬ್ಬರ್ ತಡೆಗೆ) ಬಡಿಯುತ್ತದೆ, ಮುಂದಿನ ಚಕ್ರ ಹಗುರಾಗುತ್ತದೆ.

ದಿನವೂ ಹತ್ತಾರು ಕಿ.ಮೀ. ಜಲ್ಲಿ ರಸ್ತೆಯಲ್ಲಿ ವೇಗವಾಗಿ ಓಡಬೇಕಾದವರಿಗೆ ಮಹೀಂದ್ರ ಥಾರ್ ವಾಸಿ: ಮುಂದಿನ ಎರಡು ಚಕ್ರಗಳಿಗೆ ಬೇರೆಬೇರೆ ಸಸ್ಪೆನ್ಷನ್, ಟೈರೂ ಅಗಲ. ಗದ್ದೆ ಬದಿಯ ಇಕ್ಕಟ್ಟಿನ ಕೆಸರು ದಾರಿಗೆ ಹಗುರವಾದ ಜಿಮ್ನಿಯೇ ಸರಿ.