ಓಣಿಗೊಬ್ಬರೋ, ಮೂರ್ಮೂರು ಮಂದಿನೋ?

ನಿಮ್ಮ ಕಾಲನಿ ಸಂಘಕ್ಕ 9 ಮಂದಿ ಕಮಿಟಿ ಹೆಂಗ ಆರಿಸೋದು ಅಂತ ಕೇಳಿದ್ರಲ್ಲ, ನೋಡ್ರಿ. ಓಣಿಗೊಬ್ಬರು ಅಂದ್ರ ಎಮ್ಮೆಲ್ಲೆ ಇಲೆಕ್ಷನ್ ಇದ್ದಂಗ, ಯಾರಿಗೆ ಒಂದು ಓಟ್ ಜಾಸ್ತಿ ಬಿತ್ತೋ ಅವ್ರು ಗೆದ್ರು. ಎಣಿಸೋದು ಸಲೀಸು, ನಳಕ್ಕ ನೀರ್ ಬರ್ಲಿಲ್ಲಂದ್ರ ಯಾರ ಬಾಗಲಾ ಬಡೀಬೇಕು ಅಂತನೂ ಗೊತ್ತಿರ್ತೈತಿ. ಆದ್ರ ಸೋತವ್ರ ಓಟು ನೀರಾಗ ಹೋದಂಗ: 2023ರಾಗ ಕಾಂಗ್ರೆಸ್ಸಿಗೆ ಸುಮಾರು 43 ಪರ್ಸೆಂಟ್ ಓಟಿಗೆ 224ರಾಗ 135 ಸೀಟು, ಜೆಡಿಎಸ್ಸಿಗೆ 13 ಪರ್ಸೆಂಟ್ ಬಿದ್ರೂ ಬರೇ 19. ಮ್ಯಾಲ ಯಾವ ಮನಿ ಯಾವ ಕಡೆ ಅಂತ ಗೆರಿ ಎಳಿಯೋ ಜಗಳ ಬ್ಯಾರೆ. ನಮ್ಮ ಖಾನಾಪುರ, ಕಿತ್ತೂರು ಇರೋದು ಬೆಳಗಾವಿ ಜಿಲ್ಲಾದಾಗ, ಎಂಪಿ ಓಟು ಮಾತ್ರ ಉತ್ತರ ಕನ್ನಡ ಕ್ಷೇತ್ರಕ್ಕ!

ಇನ್ನೊಂದು, ಮೂರು ಓಣಿ ಕೂಡಿಸಿ ಮೂರು ಸೀಟು ಮಾಡೋದು, ಎಮ್ಮೆಲ್ಲೆಗಳು ಎಮ್ಮೆಲ್ಸಿ ಆರಿಸುವಾಗ 1, 2, 3 ಅಂತ ಪ್ರಾಶಸ್ತ್ಯ ಬರೀತಾರಲ್ಲ ಹಂಗ. ಇದ್ರಾಗ ಆ ಮೂರು ಓಣಿಯಾಗ ಬಿದ್ದ ಓಟಿನ ಕಾಲು ಭಾಗಕ್ಕಿಂತ ಒಂದು ಓಟ್ ಹೆಚ್ಚಿದ್ರ ಒಂದು ಸೀಟು ಗ್ಯಾರಂಟಿ, ಹಂಗಾಗಿ ಬಾಡಿಗಿ ಮನಿಯವ್ರಂಥ ಸಣ್ಣ ಗುಂಪಿಗೂ ಒಬ್ಬರು ಸಿಗ್ತಾರ, ಗೆರಿ ಅತ್ತಾಗಿತ್ತಾಗ ಸರಿಸಿದ್ರೂ ಫರಕು ಕಡಿಮಿ. ಎಣಿಸೋದು ಮಾತ್ರ ತಲಿನೋವು, ಲೆಕ್ಕ ಗೊತ್ತಿದ್ದ ಮಾಸ್ತರ ಒಬ್ರು ಬೇಕ ಬೇಕು. ನಾ ಆದ್ರ ಇದನ್ನ ಆರಿಸ್ತೀನ್ರಿ.