ಮೂರು ವರ್ಷದ ಫ್ರೆಂಚ್ ಪದವಿ: ಓದು ಚೆನ್ನಾಗಿ ಬಂತು, ಮಾತು ಬರಲಿಲ್ಲ

ಫ್ರೆಂಚ್ ಭಾಷೆ ಮತ್ತು ಸಂಸ್ಕೃತಿಯನ್ನು ಮುಖ್ಯ ವಿಷಯವಾಗಿ ತೆಗೆದುಕೊಂಡು ವಿಶ್ವವಿದ್ಯಾಲಯವೊಂದರಲ್ಲಿ ಮೂರು ವರ್ಷದ ಪದವಿಯನ್ನು ಇತ್ತೀಚೆಗೆ ಮುಗಿಸಿದ್ದೇನೆ. ಸೇರುವ ಮುನ್ನ ಇಂಥ ಕೋರ್ಸನ್ನು ಓದಿದವರ ಅನುಭವವನ್ನು ಕನ್ನಡದಲ್ಲಿ ಸಾಕಷ್ಟು ಹುಡುಕಿದ್ದೆ, ಸಿಗಲಿಲ್ಲ. ಈಗ ಸೇರಬೇಕೆಂದಿರುವವರಿಗೆ ನೆರವಾಗಲೆಂದು ನನ್ನ ಅಭಿಪ್ರಾಯವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ವರ್ಷದ ಅತ್ಯುತ್ತಮ ಭಾಗ ಉಚ್ಚಾರಣೆಯ ತರಗತಿ. ಕನ್ನಡ ಬಲ್ಲವರಿಗೆ ಇಲ್ಲಿ ದೊಡ್ಡದೊಂದು ಅನುಕೂಲವಿದೆ: ಫ್ರೆಂಚಿನ ಪ, ತ, ಕ ಧ್ವನಿಗಳು ನಮ್ಮ ಅಲ್ಪಪ್ರಾಣಗಳಂತೆಯೇ ಉಸಿರು ಸಿಡಿಯದೆ ಹೊರಡುತ್ತವೆ, ಅಲ್ಲಿನ ತ ಮತ್ತು ದ ನಮ್ಮವುಗಳಂತೆಯೇ ದಂತ್ಯಗಳು. ಆದ್ದರಿಂದ ಇಂಗ್ಲಿಷಿನ ಉಚ್ಚಾರವನ್ನು ಬದಿಗಿಟ್ಟು ಕನ್ನಡದ ನಾಲಿಗೆಯಿಂದಲೇ ಶುರುಮಾಡುವುದು ಒಳ್ಳೆಯದು. ಕಷ್ಟವಿರುವುದು ಸ್ವರಗಳಲ್ಲಿ. ನಾಲಿಗೆಯನ್ನು ‘ಇ’ ಎನ್ನುವ ಸ್ಥಾನದಲ್ಲಿಟ್ಟು ತುಟಿಗಳನ್ನು ‘ಉ’ ಎನ್ನುವಂತೆ ದುಂಡಗೆ ಮಾಡಿದಾಗ ಬರುವ ಸ್ವರವೊಂದು ಕನ್ನಡದಲ್ಲಿಲ್ಲ. ‘ಮೇಲೆ’ ಮತ್ತು ‘ಕೆಳಗೆ’ ಎಂಬ ಅರ್ಥದ ಎರಡು ಫ್ರೆಂಚ್ ಪದಗಳ ಕೊನೆಯಲ್ಲಿ ಆ ಸ್ವರಕ್ಕೂ ನಮ್ಮ ‘ಉ’ಕಾರಕ್ಕೂ ಇರುವ ವ್ಯತ್ಯಾಸವೇ ಅರ್ಥವನ್ನು ತಲೆಕೆಳಗು ಮಾಡಿಬಿಡುತ್ತದೆ. ಅನುನಾಸಿಕ ಸ್ವರಗಳೂ ಹಾಗೆಯೇ. ನಮ್ಮ ಅನುಸ್ವಾರ ಮುಂದಿನ ವ್ಯಂಜನಕ್ಕೆ ತಕ್ಕಂತೆ ಙ, ನ, ಮ ಎಂದು ರೂಪ ಬದಲಿಸುತ್ತದೆ, ಫ್ರೆಂಚಿನಲ್ಲಿಯಾದರೋ ವ್ಯಂಜನವೇ ಕೇಳಿಸದೆ ಸ್ವರವೇ ಮೂಗಿನಿಂದ ಹೊರಡುತ್ತದೆ. ಇದನ್ನು ಪುಸ್ತಕದಿಂದ ಕಲಿಯಲು ಸಾಧ್ಯವಿಲ್ಲ. ಅಧ್ಯಾಪಕರು ಎದುರಿಗೆ ನಿಂತು ಇಡೀ ಸೆಮಿಸ್ಟರ್ ತಿದ್ದಿದ್ದರಿಂದಲೇ ನನಗೆ ಬಂತು.

ವ್ಯಾಕರಣವನ್ನು ಶ್ರದ್ಧೆಯಿಂದ ಕಲಿಸಿದರು. ನೀನು-ನೀವುಗಳ ಭೇದ ನಮಗೆ ಹೊಸದಲ್ಲ. ನಪುಂಸಕಲಿಂಗವೇ ಇಲ್ಲದ ಭಾಷೆಯಲ್ಲಿ ಮೇಜು ಸ್ತ್ರೀಲಿಂಗ, ಪುಸ್ತಕ ಪುಲ್ಲಿಂಗ ಎಂದು ಒಪ್ಪಿಕೊಳ್ಳುವುದಕ್ಕೆ ಮಾತ್ರ ಸಮಯ ಹಿಡಿಯುತ್ತದೆ. ನಾಮಪದವನ್ನು ಎಂದೂ ಒಂಟಿಯಾಗಿ ಬರೆದುಕೊಳ್ಳದೆ ಅದರ ಮುಂದೆ ಬಂದು ಲಿಂಗವನ್ನು ತೋರಿಸುವ ಆರ್ಟಿಕಲ್ ಎಂಬ ಪುಟ್ಟ ಪದದ ಸಮೇತ ಬರೆದುಕೊಳ್ಳಬೇಕೆಂಬ ಮೊದಲ ವಾರದ ಸಲಹೆ ಕೊನೆಯವರೆಗೂ ಕೆಲಸಕ್ಕೆ ಬಂತು.

ಎರಡನೆಯ ವರ್ಷದಲ್ಲಿ ಬರುವ ಪಠ್ಯ ವಿಶ್ಲೇಷಣೆಗಾಗಿಯೇ ಈ ಪದವಿಯನ್ನು ಓದಬಹುದು ಎನ್ನುತ್ತೇನೆ. ಇಪ್ಪತ್ತು-ಮೂವತ್ತು ಸಾಲುಗಳ ಒಂದು ತುಣುಕನ್ನು ಮುಂದಿಟ್ಟುಕೊಂಡು, ಲೇಖಕರ ಜೀವನಚರಿತ್ರೆಯ ಆಸರೆಯಿಲ್ಲದೆ, ಪ್ರತಿ ಕ್ರಿಯಾಪದವೂ ಆ ರೂಪದಲ್ಲಿಯೇ ಏಕಿದೆ ಎಂದು ವಿವರಿಸಬೇಕು. ಆಡುಮಾತಿನಲ್ಲಿ ಬಹುತೇಕ ಕಾಣದ, ಕಥನಗಳಲ್ಲಿ ಮಾತ್ರ ಉಳಿದಿರುವ ಭೂತಕಾಲವೊಂದು ಫ್ರೆಂಚಿನಲ್ಲಿದೆ. ‘ನಡೆಯುತ್ತಿದ್ದ’ ಎಂಬಂತೆ ಸಾಗುವ ವಾಕ್ಯಗಳ ನಡುವೆ ‘ನಿಂತನು’ ಎಂಬ ಅರ್ಥದಲ್ಲಿ ಆ ರೂಪ ಬಂದಾಗ ಕಥೆ ಹೇಗೆ ಹೊರಳುತ್ತದೆ ಎಂಬುದನ್ನು ಎರಡು ಗಂಟೆ ಚರ್ಚಿಸಿದ ದಿನ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಅಂದಿನಿಂದ ಕನ್ನಡದ ಕಥೆಗಳನ್ನೂ ನಾನು ಬೇರೆಯ ರೀತಿಯಲ್ಲಿ ಓದುತ್ತಿದ್ದೇನೆ.

ಸಂಸ್ಕೃತಿಯ ಪತ್ರಿಕೆಯ ಬಗ್ಗೆ ಇಷ್ಟು ಸಮಾಧಾನವಿಲ್ಲ. ಕಾನೂನಿನ ದಸ್ತಾವೇಜುಗಳೆಲ್ಲ ಫ್ರೆಂಚಿನಲ್ಲಿರಬೇಕೆಂದು ವಿಧಿಸಿದ 1539ರ ರಾಜಾಜ್ಞೆ, ರಾಜನ ಮುಖ್ಯಮಂತ್ರಿಯಾಗಿದ್ದ ರಿಶಲ್ಯೂ 1635ರಲ್ಲಿ ಸ್ಥಾಪಿಸಿದ, ಫ್ರೆಂಚ್ ಭಾಷೆಯ ಮೇಲ್ವಿಚಾರಣೆಯ ಸಂಸ್ಥೆಯಾದ ಫ್ರೆಂಚ್ ಅಕಾಡೆಮಿ, ಗಣರಾಜ್ಯದ ಭಾಷೆ ಫ್ರೆಂಚ್ ಎಂದು ಸಂವಿಧಾನಕ್ಕೆ ಸೇರಿಸಿದ 1992ರ ತಿದ್ದುಪಡಿ, ಇವೆಲ್ಲವನ್ನೂ ಟಿಪ್ಪಣಿಯಾಗಿ ಬರೆಸಿದರು. ಪ್ರಭುತ್ವವೊಂದು ಭಾಷೆಯನ್ನು ತನ್ನ ಹೊಣೆಯೆಂದು ಭಾವಿಸಿದರೆ ಏನಾಗುತ್ತದೆ ಎಂಬ ಪ್ರಶ್ನೆ ಆ ಇಸವಿಗಳ ಒಳಗೇ ಇತ್ತು. ಫ್ರಾನ್ಸಿನದೇ ಪ್ರಾದೇಶಿಕ ಭಾಷೆಗಳಾದ ಬ್ರೆಟನ್, ಆಕ್ಸಿಟನ್, ಬಾಸ್ಕ್‌ಗಳನ್ನಾಡುವ ಮಕ್ಕಳು ಶಾಲೆಯಲ್ಲಿ ಏನನ್ನು ಅನುಭವಿಸಿದರು ಎಂಬ ಚರ್ಚೆ ಅಲ್ಲಿಂದಲೇ ಹುಟ್ಟಬೇಕಿತ್ತು. ನಮ್ಮ ಟಿಪ್ಪಣಿಗಳಲ್ಲಿ ಆ ಭಾಷೆಗಳಿಗೆ ಸಿಕ್ಕಿದ್ದು ಒಂದೇ ವಾಕ್ಯ. ಸರ್ಕಾರ ಮತ್ತು ಚರ್ಚನ್ನು ಬೇರ್ಪಡಿಸಿದ 1905ರ ಕಾನೂನನ್ನು ಮಾತ್ರ ಬೇರೊಬ್ಬ ಅಧ್ಯಾಪಕರು ಅದರ ಹಿನ್ನೆಲೆಯ ಸಂಘರ್ಷದೊಂದಿಗೆ ಕಲಿಸಿದರು, ಹಾಗಾಗಿ ಅದು ನೆನಪಿನಲ್ಲಿ ಉಳಿದಿದೆ.

ಪ್ಯಾರಿಸ್ಸಿನ ಆಚೆಗಿನ ಫ್ರೆಂಚ್ ಕೊನೆಯ ಸೆಮಿಸ್ಟರಿನ ಐಚ್ಛಿಕ ಪತ್ರಿಕೆಯಲ್ಲಿ ಮಾತ್ರ ಬಂತು. ಸೆನೆಗಲ್ಲಿನ ಮೊದಲ ಅಧ್ಯಕ್ಷರೂ ಕವಿಯೂ ಆಗಿದ್ದ ಸೆಂಗೋರ್ 1983ರಲ್ಲಿ ಅದೇ ಫ್ರೆಂಚ್ ಅಕಾಡೆಮಿಗೆ ಆಯ್ಕೆಯಾದರು; ಫ್ರಾನ್ಸಿನವರು ‘ನಾಲ್ಕು ಇಪ್ಪತ್ತು ಹತ್ತು’ ಎಂದು ಹೇಳುವ ತೊಂಬತ್ತಕ್ಕೆ ಬೆಲ್ಜಿಯಂ ಮತ್ತು ಸ್ವಿಟ್ಜರ್‌ಲೆಂಡಿನಲ್ಲಿ ‘ನೊನಾಂತ್’ ಎಂಬ ಸರಳ ಪದವಿದೆ. ಇಷ್ಟನ್ನು ತಿಳಿಯಲು ಮೂರನೆಯ ವರ್ಷದವರೆಗೆ ಕಾಯುವ ಅಗತ್ಯವಿರಲಿಲ್ಲ. ಈ ಪತ್ರಿಕೆಯನ್ನು ಕಡ್ಡಾಯ ಮಾಡಿ ಮೊದಲ ವರ್ಷಕ್ಕೆ ತರಬೇಕೆಂದು ವಿಭಾಗಕ್ಕೆ ಲಿಖಿತವಾಗಿಯೇ ತಿಳಿಸಿದ್ದೇನೆ.

ನನ್ನ ಮುಖ್ಯ ದೂರು ಸಂಭಾಷಣೆಯ ತರಗತಿಯದು. ಸುಮಾರು ನಲವತ್ತು ವಿದ್ಯಾರ್ಥಿಗಳು ಒಂದೇ ಕೊಠಡಿಯಲ್ಲಿ ಕುಳಿತು ವಾರಕ್ಕೊಂದು ಗಂಟೆ ಸಂಭಾಷಣೆ ಎಂದರೆ ಒಬ್ಬೊಬ್ಬರ ಪಾಲಿಗೆ ಒಂದೂವರೆ ನಿಮಿಷ ಬರುತ್ತದೆ. ಅದಕ್ಕಿಂತ ಹೆಚ್ಚಿನ ನಷ್ಟವೆಂದರೆ, ಅಲ್ಲಿಯೂ ಆಡಿಸುತ್ತಿದ್ದದ್ದು ಬರವಣಿಗೆಯ ಫ್ರೆಂಚನ್ನೇ. ‘ನನಗೆ ಗೊತ್ತಿಲ್ಲ’ ಎನ್ನಲು ನಾವು ಕಲಿತದ್ದು ‘ಝ ನ ಸೆ ಪಾ’, ಜನ ಮಾತಿನ ಓಟದಲ್ಲಿ ಅನ್ನುವುದು ‘ಶೆ ಪಾ’. ನಿಷೇಧವನ್ನು ಸೂಚಿಸುವ ‘ನ’, ‘ಪಾ’ ಎಂಬ ಎರಡು ಪದಗಳಲ್ಲಿ ಮೊದಲನೆಯದು ಆಡುಮಾತಿನಲ್ಲಿ ಬಿದ್ದುಹೋಗುತ್ತದೆ, ‘ನಾವು’ ಎಂಬುದಕ್ಕೆ ಬದಲಾಗಿ ‘ಓಂ’ ಎಂಬ ಸರ್ವನಾಮ ಬರುತ್ತದೆ ಎಂಬುದನ್ನು ಯಾರೂ ಹೇಳಿರಲಿಲ್ಲ. ಎರಡು ವರ್ಷ ಓದಿದ ಮೇಲೂ ರೇಡಿಯೋ ಚರ್ಚೆಯೊಂದನ್ನು ಅರ್ಥಮಾಡಿಕೊಳ್ಳಲಾಗದೆ ನಾನು ಅತ್ತಿದ್ದೇನೆ.

ಪದವಿಯ ಅಂಕಪಟ್ಟಿ ಭಾಷೆಯ ಮಟ್ಟವನ್ನು ತಾನಾಗಿಯೇ ಸಾಬೀತುಪಡಿಸುವುದಿಲ್ಲ ಎಂಬುದನ್ನೂ ಸೇರುವವರು ತಿಳಿದಿರಬೇಕು. ಭಾಷಾ ಸಾಮರ್ಥ್ಯವನ್ನು ಎ1ರಿಂದ ಸಿ2ವರೆಗೆ ಆರು ಮಟ್ಟಗಳಾಗಿ ಅಳೆಯುವ ಯುರೋಪಿಯನ್ ಚೌಕಟ್ಟಿನಲ್ಲಿ ಎ1ರಿಂದ ಬಿ2ವರೆಗಿನ ಮಟ್ಟಗಳಿಗೆ ಡೆಲ್ಫ್ ಎಂಬ ಪ್ರತ್ಯೇಕ ಪರೀಕ್ಷೆಯಿದೆ. ಆಲಿಸುವುದು, ಓದುವುದು, ಬರೆಯುವುದು, ಮಾತನಾಡುವುದು ಎಂಬ ನಾಲ್ಕು ಭಾಗಗಳಿಗೆ ತಲಾ 25 ಅಂಕಗಳು. ಉತ್ತೀರ್ಣರಾಗಲು ಒಟ್ಟು 100ಕ್ಕೆ 50 ಬರಬೇಕು, ಯಾವ ಭಾಗದಲ್ಲಿಯೂ 5ಕ್ಕಿಂತ ಕಡಿಮೆಯಾಗಬಾರದು. ಕೊನೆಯ ವರ್ಷ ನಾನು ಬಿ2 ಬರೆದು ತೇರ್ಗಡೆಯಾದೆ. ಓದಿನಲ್ಲಿ ಅತಿ ಹೆಚ್ಚು, ಮಾತಿನಲ್ಲಿ ಅತಿ ಕಡಿಮೆ ಅಂಕ ಬಂದದ್ದು ನನಗೆ ಆಶ್ಚರ್ಯವೆನಿಸಲಿಲ್ಲ.

ಸಾಹಿತ್ಯ, ಅನುವಾದ, ಅಧ್ಯಾಪನದತ್ತ ಒಲವಿರುವವರಿಗೆ ಈ ಪದವಿಯನ್ನು ಮನಃಪೂರ್ವಕ ಶಿಫಾರಸು ಮಾಡುತ್ತೇನೆ. ಮಾತನಾಡುವುದಷ್ಟೇ ಗುರಿಯಾಗಿದ್ದರೆ ಮೂರು ವರ್ಷ ಇದಕ್ಕೆ ಕೊಡಬೇಡಿ. ಚಿಕ್ಕ ತಂಡಗಳಿಗೆ ಕಲಿಸುವ ಭಾಷಾಕೇಂದ್ರ ಸಾಕು. ಸೇರುವವರು ಪ್ರವೇಶಕ್ಕೆ ಮುನ್ನ ವಿಭಾಗದಲ್ಲಿ ಎರಡು ಸಂಗತಿಗಳನ್ನು ವಿಚಾರಿಸಿ: ಸಂಭಾಷಣೆಯ ತರಗತಿಯಲ್ಲಿ ಎಷ್ಟು ಜನರಿರುತ್ತಾರೆ, ಮತ್ತು ಆಫ್ರಿಕಾ, ಕೆರಿಬಿಯನ್, ಕೆನಡಾದ ಫ್ರೆಂಚ್ ಬರಹಗಳು ಯಾವ ಸೆಮಿಸ್ಟರಿನಲ್ಲಿ ಬರುತ್ತವೆ. ಸಾಧ್ಯವಾದರೆ ಎರಡನೆಯ ವರ್ಷದ ಪಠ್ಯ ವಿಶ್ಲೇಷಣೆಯ ಒಂದು ತರಗತಿಯಲ್ಲಿ ಕುಳಿತುಕೊಳ್ಳಲು ಅನುಮತಿ ಕೇಳಿ.